ರೇಡಿಯೇಟರ್ ಮುಚ್ಚಳದ ಕಿಲುಬು

ನಮ್ಮ ತಂದೆಯವರು ಕೊಂಡಿದ್ದ 1968ರ ಅಂಬಾಸಿಡರ್ ಕಾರಿನ ರೇಡಿಯೇಟರ್ ಮುಚ್ಚಳವನ್ನು ನಾನು ಹತ್ತು ವರ್ಷಗಳ ಕಾಲ ಮೇಲಿನಿಂದ ಮಾತ್ರ ಒರೆಸುತ್ತ ಬಂದಿದ್ದೆ. ಅದು ಹೊಳೆಯುತ್ತಿತ್ತು, ನನಗೆ ಅಷ್ಟೇ ಸಾಕಾಗಿತ್ತು. ಒಂದು ಬೇಸಿಗೆಯಲ್ಲಿ ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ದಾರಿಯಲ್ಲಿ ಮುಚ್ಚಳದ ಅಂಚಿನಿಂದ ಹಬೆ ಬರತೊಡಗಿದಾಗ, ಇಂಜಿನ್ ತಣ್ಣಗಾಗುವವರೆಗೂ ನನ್ನನ್ನು ಕಾಯಿಸಿ ಮುಚ್ಚಳ ತೆಗೆದ ಹಿರಿಯ ಮಿಸ್ತ್ರಿಯವರು ಅದನ್ನು ನನ್ನ ಕೈಗಿಟ್ಟು, "ಮ್ಯಾಲಿಂದು ಒರಸಿ ಏನ್ ಮಾಡ್ತೀರಿ ಸರ್, ತಳಾ ತಿರುವಿ ನೋಡ್ರಿ" ಎಂದರು. ತಳದಲ್ಲಿ ಹಸಿರು ಕಿಲುಬು, ಸ್ಪ್ರಿಂಗಿನ ಮೇಲೆ ಕೆಂಪು ತುಕ್ಕು, ರಬ್ಬರ್ ವಾಷರಿನ ಸುತ್ತ ಸುಣ್ಣದಂಥ ಬಿಳಿ ಹಕ್ಕಳೆ, ಈ ಮೂರೂ ಒಟ್ಟಿಗೆ ಕೂತಿದ್ದವು.

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಮತ್ತು ಹಿತ್ತಾಳೆಗೆ ಹಿಡಿಯುವುದು ಕಿಲುಬು. ನಮ್ಮ ಹಿರಿಯರು ಈ ಎರಡನ್ನೂ ಬೆರೆಸಿ ಮಾತನಾಡುತ್ತಿರಲಿಲ್ಲ, ಮತ್ತು ಮುಚ್ಚಳದ ರಿಪೇರಿಗೆ ಕೈಹಾಕುವವರೂ ಬೆರೆಸಬಾರದು, ಏಕೆಂದರೆ ಒಂದಕ್ಕೆ ಮಾಡುವ ಉಪಚಾರ ಇನ್ನೊಂದನ್ನು ಕೆಡಿಸುತ್ತದೆ. ನನ್ನ ಮುಚ್ಚಳದ ಮೈ ಹಿತ್ತಾಳೆಯದು. ಅದರ ಮೇಲೆ ನಿಕ್ಕಲ್, ನಿಕ್ಕಲ್ಲಿನ ಮೇಲೆ ಕ್ರೋಮಿಯಂ. ಕಣ್ಣಿಗೆ ಕಾಣುವ ಈ ಕ್ರೋಮಿಯಂ ಪದರ ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾಗಿದ್ದು, ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ನಿಜವಾದ ಕಾವಲು ನಿಕ್ಕಲ್ಲಿನದು. ಅದು ಒಂದು ಕಡೆ ಸವೆಯಿತೆಂದರೆ ತೇವ ಕೆಳಗಿಳಿದು ಒಳಗಿನ ಲೋಹವನ್ನು ತಿನ್ನುತ್ತದೆ, ಮೇಲಿನ ಹೊಳಪು ಗುಳ್ಳೆ ಏಳುವವರೆಗೂ ಹಾಗೆಯೇ ಉಳಿಯುತ್ತದೆ.

ಬಿಳಿ ಹಕ್ಕಳೆಯ ಮೂಲ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಬಾಗಲಕೋಟೆಯ ನೆಲ ಸುಣ್ಣಕಲ್ಲಿನದು, ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಆ ಕಲ್ಲಿನಿಂದಲೇ. ಸ್ನಾನದ ಹಂಡೆಯ ಒಳಮೈಗೆ ಬಿಳಿ ಪದರ ಕಟ್ಟುವ ಕೊಳವೆಬಾವಿಯ ನೀರನ್ನೇ ನಾನು ರೇಡಿಯೇಟರಿಗೂ ಸುರಿಯುತ್ತಿದ್ದೆ.

ಹಕ್ಕಳೆ ಮಾಡುವ ಹಾನಿ ತಿಳಿಯಬೇಕಾದರೆ ಮುಚ್ಚಳದ ಕೆಲಸ ತಿಳಿದಿರಬೇಕು. ಅದು ಬರಿಯ ಬಿರಡೆಯಲ್ಲ. ದೊಡ್ಡ ಸ್ಪ್ರಿಂಗ್ ಒಂದು ಬಿಲ್ಲೆಯನ್ನು ರೇಡಿಯೇಟರಿನ ಕುತ್ತಿಗೆಯ ಒಳಗಿನ ಅಂಚಿಗೆ ಒತ್ತಿ ಹಿಡಿದಿರುತ್ತದೆ. ಆ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ 4 ಅಥವಾ 7 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ದಾಟಿದ ಮೇಲೆ ಮಾತ್ರ ಅದು ಎದ್ದು ನೀರನ್ನು ಪಕ್ಕದ ನಳಿಗೆಗೆ ಬಿಡುತ್ತದೆ. 7 ಪಿಎಸ್ಐ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ಹೊರಗೆ 40 ಡಿಗ್ರಿ ಬಿಸಿಲಿರುವ ನಮ್ಮ ಏಪ್ರಿಲ್‌ನಲ್ಲಿ ಆ ಹತ್ತು ಡಿಗ್ರಿಯ ಬೆಲೆ ಸಣ್ಣದಲ್ಲ. ಬಿಲ್ಲೆಯ ನಡುವೆ ಇನ್ನೊಂದು ಪುಟ್ಟ ಕವಾಟವಿದೆ. ಇಂಜಿನ್ ತಣ್ಣಗಾಗಿ ಒಳಗಿನ ನೀರು ಕುಗ್ಗಿದಾಗ ಅದು ತೆರೆದು ಗಾಳಿಯನ್ನು ಒಳಗೆ ಬಿಡಬೇಕು. ಹಕ್ಕಳೆ ಕಟ್ಟಿ ಅದು ಅಂಟಿಕೊಂಡರೆ ಮೇಲಿನ ರಬ್ಬರ್ ಹೋಸ್ ಚಪ್ಪಟೆಯಾಗುತ್ತದೆ. ನನ್ನ ಕಾರಿನ ಹೋಸ್ ಬೆಳಗಿನ ಹೊತ್ತು ಚಪ್ಪಟೆಯಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ಅದು ಹೋಸಿನ ದೋಷವೆಂದುಕೊಂಡು ಎರಡು ಹೋಸ್ ಬದಲಿಸಿದ್ದೆ.

ಸ್ವಚ್ಛಗೊಳಿಸುವುದಕ್ಕೆ ಹುಣಸೆಹಣ್ಣು ಸಾಕು. ಹಿತ್ತಾಳೆಯ ತಂಬಿಗೆ ಬೆಳಗುವ ಮನೆಯಲ್ಲಿ ಇದನ್ನು ವಿವರಿಸಬೇಕಿಲ್ಲ. ಹುಣಸೆಹಣ್ಣಿಗೆ ಉಪ್ಪು ಸೇರಿಸುವ ರೂಢಿಯನ್ನು ಮಾತ್ರ ಇಲ್ಲಿ ಬಿಡಬೇಕು, ಏಕೆಂದರೆ ಸಂದಿಯಲ್ಲಿ ಉಳಿದ ಉಪ್ಪು ಸ್ಪ್ರಿಂಗಿಗೆ ಮತ್ತೆ ತುಕ್ಕು ತರುತ್ತದೆ. ಹಕ್ಕಳೆ ದಪ್ಪವಾಗಿದ್ದರೆ ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ, ಮುಚ್ಚಳದ ತಳವನ್ನು ಕಾಲು ಗಂಟೆ ಅದರಲ್ಲಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತೇನೆ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಬಿಸಿಲಿಗಿಡುತ್ತೇನೆ. ರಾತ್ರಿಯಿಡೀ ನೆನೆಸುವುದು ಸಲ್ಲದು. ಹಾಗೆ ಬಿಟ್ಟರೆ ಹಿತ್ತಾಳೆಯೊಳಗಿನ ಸತು ಕರಗಿಹೋಗಿ ತಾಮ್ರಗೆಂಪಿನ ಮಚ್ಚೆಗಳು ಏಳುತ್ತವೆ; ಆ ಮಚ್ಚೆ ಕೊಳೆಯಲ್ಲ, ಅಲ್ಲಿ ಲೋಹವೇ ಟೊಳ್ಳಾಗಿರುತ್ತದೆ. ಶೌಚಾಲಯಕ್ಕೆ ಬಳಸುವ ಆಸಿಡ್ ಅಂತೂ ಕ್ರೋಮಿಯಮ್ಮನ್ನೇ ಕಿತ್ತು ತೆಗೆಯುತ್ತದೆ. ಕೆಲವು ಹಳೆಯ ಕಾರುಗಳ ಅಲಂಕಾರದ ಮುಚ್ಚಳಗಳು ಸತುವಿನ ಎರಕದವು. ಅವುಗಳಿಗೆ ಹುಳಿಯೂ ಬೇಡ, ಬೆಸುಗೆಗೆ ಬಳಸುವ ಬ್ರೇಜಿಂಗ್ ಜ್ವಾಲೆಯೂ ಬೇಡ. ಆ ಎರಕ 400 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ.

ಮೇಲ್ಮೈಯ ಪ್ಲೇಟಿಂಗ್ ಎದ್ದುಹೋಗಿದ್ದರಿಂದ ಮುಚ್ಚಳವನ್ನು ಬೆಳಗಾವಿಗೆ ಒಯ್ದೆ. ಅಲ್ಲಿಯ ಒಂದು ಅಂಗಡಿಯವರು ಹಳೆಯ ಪದರಗಳನ್ನು ತೆಗೆದು, ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿದು, ಹೊಸ ನಿಕ್ಕಲ್ ಮತ್ತು ಕ್ರೋಮಿಯಂ ಹಾಕಿ ಕನ್ನಡಿಯಂತೆ ಮಾಡಿ ಕೊಟ್ಟರು. ಆದರೆ ಅದರ ನೆತ್ತಿಯ ಮೇಲೆ ಉಬ್ಬಾಗಿದ್ದ ಅಂಕಿ ಅಕ್ಷರಗಳು ಬಫಿಂಗಿನಲ್ಲಿ ಸವೆದುಹೋಗಿದ್ದವು. ತಪ್ಪಿನಲ್ಲಿ ನನ್ನ ಪಾಲೂ ಇದೆ, ಅಕ್ಷರಗಳನ್ನು ಉಳಿಸಬೇಕೆಂದು ನಾನು ಹೇಳಿರಲಿಲ್ಲ. ಕೊಡುವ ಮೊದಲು ಫೋಟೋ ತೆಗೆದು, ಚಕ್ರವನ್ನು ಎಲ್ಲಿ ಮುಟ್ಟಿಸಬಾರದೆಂದು ಗುರುತು ಮಾಡಿಕೊಡುವುದು ಒಳ್ಳೆಯದು. ಸ್ಪ್ರಿಂಗನ್ನೂ ಬಿಲ್ಲೆಯನ್ನೂ ಬಿಚ್ಚಿ ಮನೆಯಲ್ಲಿಯೇ ಇಟ್ಟುಕೊಳ್ಳಬೇಕು. ಸ್ಪ್ರಿಂಗ್ ತುಕ್ಕಿನಿಂದ ಕುಳಿಬಿದ್ದಿದ್ದರೆ ಅದನ್ನು ತಿಕ್ಕಿ ಮತ್ತೆ ಹಾಕುವ ಹಟ ಬೇಡ. ಅಂಥ ಮುಚ್ಚಳವನ್ನು ನೆನಪಿಗಾಗಿ ಕಪಾಟಿನಲ್ಲಿಟ್ಟು, ಓಡಾಟಕ್ಕೆ ಅದೇ ಒತ್ತಡದ ಹೊಸ ಮುಚ್ಚಳ ಹಾಕಬೇಕು. ಹೆಚ್ಚು ಒತ್ತಡದ ಆಧುನಿಕ ಮುಚ್ಚಳ ಸರಿಯಾಗಿ ಕೂತರೂ ಹಾಕಬಾರದು, ಹಳೆಯ ರೇಡಿಯೇಟರಿನ ಬೆಸುಗೆ ಅದನ್ನು ತಾಳುವುದಿಲ್ಲ.

ಈಗ ನಾನು ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ, ತಾಮ್ರ ಮತ್ತು ಹಿತ್ತಾಳೆಯ ರೇಡಿಯೇಟರಿಗೆ ಹೊಂದುವುದೆಂದು ಡಬ್ಬಿಯ ಮೇಲೆ ಬರೆದಿರುವ ಕೂಲಂಟ್ (ಇಂಜಿನ್ ತಣಿಸುವ ದ್ರವ) ಬೆರೆಸಿ ತುಂಬುತ್ತೇನೆ, ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಶುದ್ಧ ನೀರೊಂದನ್ನೇ ಹಾಕಿದರೆ ಹಕ್ಕಳೆ ಕಟ್ಟುವುದಿಲ್ಲ, ನಿಜ, ಆದರೆ ಲೋಹದ ಸವೆತ ನಿಲ್ಲುವುದಿಲ್ಲ. ಅದನ್ನು ತಡೆಯುವುದು ಕೂಲಂಟಿನಲ್ಲಿರುವ ರಾಸಾಯನಿಕಗಳು. ರಬ್ಬರಿಗೆ ಸಿಲಿಕೋನ್ ಗ್ರೀಸಿನ ತೆಳುವಾದ ಲೇಪ, ಮೇಲ್ಮೈಗೆ ಮೇಣ. ಬೇರಿಂಗಿಗೆ ಹಾಕುವ ಗ್ರೀಸ್ ಸವರಿದರೆ ರಬ್ಬರ್ ಊದಿಕೊಳ್ಳುತ್ತದೆ.

ಉಳಿದದ್ದು ಖಂಡೇಪೂಜೆ. ಮಹಾನವಮಿಯ ದಿನ ನಮ್ಮ ತಾಯಿಯವರು ಬಾನೆಟ್ ತೆರೆಸಿ ಇಂಜಿನ್ನಿಗೂ ಮುಚ್ಚಳಕ್ಕೂ ಕುಂಕುಮ ಹಚ್ಚಿ, ಲಿಂಬೆಹಣ್ಣು ಹೋಳು ಮಾಡಿ ಇಡುತ್ತಾರೆ. ಲಿಂಬೆರಸ ಮತ್ತು ತೆಂಗಿನ ನೀರು ಕ್ರೋಮಿಯಮ್ಮಿನ ಬಿರುಕುಗಳಲ್ಲಿ ಒಣಗಲು ಒಂದು ರಾತ್ರಿ ಸಾಕು. ಕುಂಕುಮವನ್ನು ಅದೇ ದಿನ ಒರೆಸಲು ಅವರು ಒಪ್ಪುವುದಿಲ್ಲವಾದ್ದರಿಂದ, ಎರಡು ವರ್ಷಗಳಿಂದ ಪೂಜೆಯ ಹಿಂದಿನ ಸಂಜೆಯೇ ಮುಚ್ಚಳಕ್ಕೆ ದಪ್ಪಗೆ ಮೇಣ ಹಚ್ಚಿಡುತ್ತಿದ್ದೇನೆ.