ಸರ್ಚ್ ಬಾಕ್ಸ್‌ಗೇ ನಿಲ್ಲಬೇಡಿ, ಸಬ್ಜೆಕ್ಟ್ ಹೆಡಿಂಗ್ ನೋಡಿ

ಓದುಗರಿಗೆ ಬೇಕಾದ ಪುಸ್ತಕ ಹುಡುಕಿಕೊಡುವುದು ಲೈಬ್ರರಿಯಲ್ಲಿ ನನ್ನ ಕೆಲಸ. ಹೆಚ್ಚಿನವರು ಸರ್ಚ್ ಬಾಕ್ಸ್‌ನಲ್ಲಿ ಒಂದು ಪದ ಹಾಕಿ, ಏನೂ ಸಿಗದಿದ್ದರೆ ಪುಸ್ತಕವೇ ಇಲ್ಲ ಅಂದುಕೊಂಡು ಹೊರಟುಬಿಡುತ್ತಾರೆ. ಪುಸ್ತಕ ಅಲ್ಲೇ ಇರುತ್ತದೆ, ಬೇರೆ ಹೆಸರಿನಡಿ. ಒಂದು ವಿಷಯದ ಪುಸ್ತಕಗಳನ್ನೆಲ್ಲ ಒಟ್ಟಿಗೆ ತರಲು ಕ್ಯಾಟಲಾಗ್‌ನಲ್ಲಿ ಬಳಸುವ ಆ ಗೊತ್ತುಪಡಿಸಿದ ಹೆಸರೇ ಸಬ್ಜೆಕ್ಟ್ ಹೆಡಿಂಗ್.

ಕೀವರ್ಡ್ ಹಾಕಿದಾಗ ಕಂಪ್ಯೂಟರ್ ಆ ಅಕ್ಷರಗಳನ್ನಷ್ಟೇ ಹುಡುಕುತ್ತದೆ. ಒಂದು ಪುಸ್ತಕದ ಹೆಸರಲ್ಲಿ ಹಾರ್ಟ್ ಅಟ್ಯಾಕ್ ಅಂತ ಇರಬಹುದು, ಇನ್ನೊಂದರಲ್ಲಿ ಅದರ ವೈದ್ಯಕೀಯ ಹೆಸರಾದ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್, ಮೂರನೆಯದರಲ್ಲಿ ಎರಡೂ ಇಲ್ಲದೇ ಇರಬಹುದು. ಕ್ಯಾಟಲಾಗ್ ಮಾಡುವವರು ಪುಸ್ತಕ ತೆರೆದು ನೋಡಿ ಮೂರನ್ನೂ ಒಂದೇ ಹೆಡಿಂಗ್ ಕೆಳಗೆ ತಂದಿರುತ್ತಾರೆ. ಆ ಶ್ರಮ ಸುಮ್ನೆ ವ್ಯರ್ಥವಾಗಬಾರದು ಅಲ್ವಾ?

ಆದರೆ ಅವರು ಆರಿಸಿದ ಪದ ಯಾವುದು ಅಂತ ಊಹಿಸುವುದು ಕಷ್ಟ. ಅಮೆರಿಕದ ದೊಡ್ಡ ಲೈಬ್ರರಿಯಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಹೆಡಿಂಗ್ ಪಟ್ಟಿಯಲ್ಲಿ ಎರಡನೇ ಮಹಾಯುದ್ಧ ಇರುವುದು 'ವರ್ಲ್ಡ್ ವಾರ್, 1939-1945' ಅಂತ. ಸಿನಿಮಾ 'ಮೋಷನ್ ಪಿಕ್ಚರ್ಸ್'. ಬ್ರೌಸ್ ಪಟ್ಟಿ, ಅಂದರೆ ಹೆಡಿಂಗ್‌ಗಳನ್ನು ಸಾಲಾಗಿ ತೋರಿಸುವ ಪಟ್ಟಿ, ಮೊದಲ ಪದದಿಂದ ಅಕ್ಷರಮಾಲೆಯ ಪ್ರಕಾರ ಸಾಗುವುದರಿಂದ, 'ಸೆಕೆಂಡ್' ಅಂತ ಶುರು ಮಾಡಿದರೆ ಬೇರೆಲ್ಲೋ ಹೋಗಿ ನಿಲ್ಲಬಹುದು.

ಹಾಗಾಗಿ ನಾನು ಎಲ್ಲರಿಗೂ ಹೇಳಿಕೊಡುವುದು ಇಷ್ಟೇ. ಕೀವರ್ಡ್‌ನಿಂದ ನಿಮಗೆ ಹೊಂದುವ ಒಂದೇ ಒಂದು ಪುಸ್ತಕ ಹುಡುಕಿ, ಅದರ ಪೂರ್ತಿ ವಿವರ ತೆರೆಯಿರಿ, ಅಲ್ಲಿರುವ ಹೆಡಿಂಗ್ ಒತ್ತಿ. ಕೆಲವು ಕ್ಯಾಟಲಾಗ್‌ಗಳು ನೇರವಾಗಿ ಪುಸ್ತಕಗಳನ್ನೇ ತೋರಿಸುತ್ತವೆ. ಆಗ ಆ ಹೆಡಿಂಗನ್ನು ಬ್ರೌಸ್‌ನಲ್ಲಿ ಹಾಕಿ ನೋಡಿ, ನಿಜವಾದ ಸಂಪತ್ತು ಇರುವುದು ಅಲ್ಲಿ. ಯುದ್ಧದ ಹೆಡಿಂಗ್ ಒಂದರಡಿಯಲ್ಲೇ ಮಹಿಳೆಯರು, ಮಕ್ಕಳು, ಆಹಾರ ಪೂರೈಕೆ, ಹಾಡುಗಳು ಅಂತ ಬೇರೆ ಬೇರೆ ಉಪವಿಭಾಗಗಳು ಸಾಲಾಗಿ ಬರುತ್ತವೆ. ಯುದ್ಧವನ್ನು ಕಂಡವರ ನೆನಪುಗಳು ಬೇಕಾದರೆ 'ಪರ್ಸನಲ್ ನರೇಟಿವ್ಸ್' ನೋಡಬೇಕು. ಆ ಪದ ಹಾಕಿ ಹುಡುಕಬೇಕು ಅಂತ ಯಾರಿಗೆ ತಾನೇ ಹೊಳೆಯುತ್ತದೆ? ಪಟ್ಟಿಯಲ್ಲಿ ಕಣ್ಣಾಡಿಸಿದರೆ ತಾನಾಗೇ ಕಾಣುತ್ತದೆ.

ಇನ್ನೊಂದು ವಿಷಯ. ಬೆಕ್ಕಿನ ಪುಸ್ತಕವನ್ನು ಬೆಕ್ಕಿನ ಕೆಳಗೇ ಹಾಕಬೇಕು, ಪ್ರಾಣಿಶಾಸ್ತ್ರದ ಕೆಳಗಲ್ಲ ಅಂತ ಅಮೆರಿಕದ ಗ್ರಂಥಪಾಲಕ ಚಾರ್ಲ್ಸ್ ಕಟರ್ 1876ರಲ್ಲೇ ನಿಯಮ ಬರೆದರು. ಈಗಲೂ ಕ್ಯಾಟಲಾಗ್‌ಗಳು ನಡೆಯುವುದು ಹೆಚ್ಚುಕಡಿಮೆ ಹಾಗೇ. ಅದಕ್ಕೇ ದೊಡ್ಡ ವಿಷಯದಿಂದ ಶುರು ಮಾಡಿ ಸೋತವರಿಗೆ, ನಿಮಗೆ ಬೇಕಾದ ಸಣ್ಣ ವಿಷಯದ ಹೆಸರನ್ನೇ ಹಾಕಿ ಅನ್ನುತ್ತೇನೆ.

ಎಲ್ಲ ಪುಸ್ತಕಕ್ಕೂ ಸರಿಯಾದ ಹೆಡಿಂಗ್ ಇರುವುದಿಲ್ಲ, ಕಥೆ ಕಾದಂಬರಿಗಳಿಗಂತೂ ಕಡಿಮೆ. ಅಂಥ ಕಡೆ ಕೀವರ್ಡೇ ಗತಿ. ಆದರೆ ಒಳ್ಳೆಯ ಹೆಡಿಂಗ್ ಸಿಕ್ಕರೆ ಇದ್ದದ್ದು ಇದ್ದ ಹಾಗೇ ಬರೆದಿಟ್ಟುಕೊಳ್ಳಿ. ಅದೇ ಪಟ್ಟಿ ಬಳಸುವ ಬೇರೆ ಲೈಬ್ರರಿಗಳಲ್ಲೂ ಅದು ಕೆಲಸಕ್ಕೆ ಬರುತ್ತದೆ.