ನೇರಳೆ ಸೀಲು

ಬೆಳಿಗ್ಗೆ ಫೋನ್ ತೆರೆದರೆ ಗ್ರಂಥಾಲಯದ ಪೇಜಿನಲ್ಲಿ ಒಂದು ಫೋಟೋ. ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ ತಾರೀಖಿನ ಚೀಟಿ. ಒಂದರ ಕೆಳಗೊಂದು ನೇರಳೆ ಸೀಲು. ಕೆಲವು ಓರೆ, ಒಂದು ತಲೆಕೆಳಗು. ಕೊನೆಯದು 1998ರದ್ದು.

ಕೆಳಗೆ ಒಂದೇ ಸಾಲು: 'ಆಮೇಲೆ ನನ್ನನ್ನು ಯಾರೂ ಮನೆಗೆ ಕರೆದುಕೊಂಡು ಹೋಗಿಲ್ಲ.'

ಪಾಪ ಅನ್ನಿಸಿತು. ಲಿಂಕ್ ಒತ್ತಿದೆ, ಕೆಟಲಾಗ್ ತೆರೆಯಿತು. ಕಾಯ್ದಿರಿಸೋಣ ಅಂದ್ರೆ ನನಗಿಂತ ಮುಂಚೆ ಆರು ಜನ!

ಇದೇ ಪೇಜಿನಲ್ಲಿ ಇಷ್ಟು ದಿನ ಇದ್ದದ್ದು ಬರೀ ರಜೆಯ ನೋಟಿಸು. ನೋಡದೆ ಮುಂದೆ ಸರಿಸುತ್ತಿದ್ದೆ.

'ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ' ಅಂತ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಗ್ರಂಥಾಲಯದ ಐದು ಸೂತ್ರಗಳಲ್ಲಿ ಹೇಳಿದ್ದು 1931ರಲ್ಲಿ. ಆ ಓದುಗ ಈಗ ಕಪಾಟಿನ ಮುಂದೆ ನಿಂತಿಲ್ಲ, ನನ್ನ ಹಾಗೆ ಹಾಸಿಗೆಯಲ್ಲೇ ಫೋನ್ ಹಿಡಿದು ಬಿದ್ದಿದ್ದಾನೆ. ಅಲ್ಲಿಗೇ ಬಂದು ಕರೆಯಬೇಕು, ಅಲ್ವಾ?

ಈಗ ಎಷ್ಟೋ ಕಡೆ ಚೀಟಿಯ ಬದಲು ಆರ್‌ಎಫ್‌ಐಡಿ ಟ್ಯಾಗ್, ಅಂದ್ರೆ ರೇಡಿಯೋ ತರಂಗದಿಂದ ಯಂತ್ರ ಓದುವ ಪುಟ್ಟ ಚಿಪ್. ಯಂತ್ರದ ಮೇಲಿಟ್ಟರೆ ಎಂಟ್ರಿ ಮುಗಿಯಿತು. ಅನುಕೂಲವೇ, ಇಲ್ಲ ಅನ್ನಲ್ಲ. ಆದ್ರೆ ಅದರ ಫೋಟೋ ಹಾಕಿದ್ರೆ ಯಾರು ನೋಡ್ತಾರೆ?

ಸರಿ, ನನ್ನ ನಂಬರ್ ಏಳು. ಮುಂದಿನ ಆರು ಜನ ಸ್ವಲ್ಪ ಬೇಗ ಓದಿ ಮುಗಿಸಿ ಮಾರಾಯ್ರೇ.