33 ಗಂಟೆಯ ಮೊಟ್ಟೆ

ಸೋಮವಾರ ಬೆಳಗ್ಗೆ 10ಕ್ಕೆ ಪ್ರಾಕ್ಟಿಕಲ್, 33 ಗಂಟೆ ಕಾವು ಕಂಡ ಮೊಟ್ಟೆಯೊಳಗಿನ ಭ್ರೂಣ ನೋಡುವುದು. ಅಲ್ಲಿಂದ 33 ಗಂಟೆ ಹಿಂದಕ್ಕೆ ಎಣಿಸಿದರೆ ಶನಿವಾರ ರಾತ್ರಿ ಕಳೆದು 1 ಗಂಟೆ. ಆಲ್ದೂರಿನ ಹತ್ತಿರದ ನಮ್ಮ ಮನೆಯ ಹಿತ್ತಿಲಲ್ಲಿ, ಟಾರ್ಚ್ ಹಿಡಿದು, ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿಗೆ ಪೆನ್ಸಿಲ್ ಗುರುತಿನ ನಾಲ್ಕು ಮೊಟ್ಟೆ ಸರಿಸಿದೆ. "ಆ ಕೋಳಿಗಾದರೂ ನಿದ್ದೆ ಮಾಡೋಕೆ ಬಿಡು" ಅಂತ ಅಮ್ಮ ಬಾಗಿಲಲ್ಲಿ ನಿಂತು ಗದರಿದಳು. ಸೋಮವಾರ ಅವನ್ನು ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಯ ಜೊತೆ ಚೀಲದಲ್ಲಿಟ್ಟು ಚಿಕ್ಕಮಗಳೂರಿನ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ನಿಂತೇ ಬಂದೆ.

ಅದು 1996. ನಾನು ಎರಡನೇ ಬಿ.ಎಸ್ಸಿ. ನಮಗೆ ಭ್ರೂಣಶಾಸ್ತ್ರ ಹೇಳುತ್ತಿದ್ದವರು ಪ್ರಾಣಿಶಾಸ್ತ್ರದ ಮೇಡಂ. ಲ್ಯಾಬಿನ ಕಪಾಟಿನಲ್ಲಿ ಸಿದ್ಧ ಸ್ಲೈಡುಗಳು ಬೇಕಾದಷ್ಟಿದ್ದವು. "ಮೊದಲು ಹಸಿಯಾದದ್ದು ನೋಡಿ, ಬಣ್ಣ ಹಾಕಿದ್ದು ಆಮೇಲೆ" ಅನ್ನುವುದು ಅವರ ಪದ್ಧತಿ.

ಬೆಚ್ಚಗಿನ ಉಪ್ಪುನೀರಿನ ಬಟ್ಟಲಿಗೆ ಮೊಟ್ಟೆ ಒಡೆದರು. ಹಳದಿಯ ಮೇಲೆ ಬಿಳಿಚಿಕೊಂಡ ಒಂದು ವೃತ್ತ, ಅದರ ನಡುವೆ ಗೀರಿನಂಥದ್ದೇನೋ. ಸಣ್ಣ ಕತ್ತರಿಯಿಂದ ಸುತ್ತ ಕತ್ತರಿಸಿ, ಪೊರೆಯನ್ನು ವಾಚ್ ಗ್ಲಾಸಿಗೆ ತೇಲಿಸಿಕೊಂಡು ಸೂಕ್ಷ್ಮದರ್ಶಕದಡಿ ಇಟ್ಟರು. ನನ್ನ ಸರದಿ ಬಂತು. ಗೀರು ಅಂದುಕೊಂಡಿದ್ದು ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆಯಾಗಿತ್ತು. ಮುಂದಿನ ತುದಿಯಲ್ಲಿ ಒಂದರ ಹಿಂದೊಂದು ಮೂರು ಉಬ್ಬು. ಮೊದಲ ಉಬ್ಬಿನ ಎರಡೂ ಪಕ್ಕ ಕಣ್ಣಾಗಲು ಹೊರಟ ಎರಡು ಗುಳ್ಳೆ. ಹಿಂದಿನ ತುದಿ ಮಾತ್ರ ಇನ್ನೂ ತೆರೆದೇ ಇತ್ತು, ಅಂಚುಗಳು ಒಂದನ್ನೊಂದು ಮುಟ್ಟಿರಲಿಲ್ಲ.

"ನಾವೆಲ್ಲ ಹೀಗೇ ಇದ್ದೆವು" ಅಂದರು ಮೇಡಂ. ಮನುಷ್ಯನಲ್ಲಿ ಇದು ಮೂರನೇ ವಾರದಲ್ಲಿ ಶುರುವಾಗುವ ಕೆಲಸ. ಚರ್ಮವಾಗುವ ಹೊರಪದರದಲ್ಲೇ ಒಂದು ಪಟ್ಟಿ ದಪ್ಪವಾಗುತ್ತದೆ, ನಡುವೆ ತಗ್ಗಾಗುತ್ತದೆ, ಅಂಚುಗಳು ಮೇಲೇಳುತ್ತವೆ. ಸುಮಾರು 22ನೇ ದಿನ ಅವು ಕೂಡಲು ಶುರು, ಕತ್ತಿನ ಭಾಗದಿಂದ ಎರಡೂ ಕಡೆಗೆ. ಕೊಳವೆಯ ತಲೆಯ ಕಡೆಯ ತೆರೆದ ಬಾಯಿ ಸುಮಾರು 25ನೇ ದಿನ ಮುಚ್ಚುತ್ತದೆ, ಬಾಲದ ಕಡೆಯದು ಇನ್ನೆರಡು ಮೂರು ದಿನಕ್ಕೆ. ಮೂರು ಉಬ್ಬು ಐದಾಗುವುದು ಐದನೇ ವಾರದಲ್ಲಿ. ಕೊಳವೆಯೊಳಗಿನ ಟೊಳ್ಳೇ ಮುಂದೆ ಮಿದುಳಿನ ಕುಹರಗಳಾಗುತ್ತದೆ.

ಎಲ್ಲರೂ ಹೋದ ಮೇಲೆ ವಾಚ್ ಗ್ಲಾಸ್ ತೊಳೆಯುತ್ತ ಕೇಳಿದೆ, "ಮೇಡಂ, ತಲೆ ಕಡೆ ಬಾಯಿ ಮುಚ್ಚದೇ ಹೋದರೆ?"

"ಯಾಕೆ ಕೇಳ್ತಿದ್ದೀಯ?"

ಹೇಳಿದೆ. ಬೇಲೂರಿನ ಕಡೆ ಕೊಟ್ಟಿದ್ದ ನನ್ನ ಅಕ್ಕನಿಗೆ ಆ ವರ್ಷ ಫೆಬ್ರವರಿ ಕೊನೆಯಲ್ಲಿ ಹೆರಿಗೆಯಾಗಿತ್ತು. ಮಗುವಿನ ಹಣೆಯಿಂದ ಮೇಲಕ್ಕೆ ಬುರುಡೆಯೇ ಇರಲಿಲ್ಲ. ಕೆಲವೇ ಗಂಟೆ ಬದುಕಿತ್ತು. ಹಿಂದಿನ ಅಕ್ಟೋಬರ್ 24ರ ಸೂರ್ಯಗ್ರಹಣದ ಹೊತ್ತಿನಲ್ಲಿ ಅಕ್ಕ ಈಳಿಗೆಮಣೆ ಮೇಲೆ ಕೂತು ಬೀನ್ಸ್ ಹೆಚ್ಚಿದ್ದಳಂತೆ. ಅದೇ ಕಾರಣ ಅಂತ ಅವಳ ಅತ್ತೆ ಹೇಳಿದರು, ಬಂದವರೆಲ್ಲ ಹೌದು ಅಂದರು, ನಮ್ಮಮ್ಮನೂ ಒಳಗೊಳಗೆ ನಂಬಿದ್ದಳು. ಎಲ್ಲರಿಗಿಂತ ಹೆಚ್ಚು ನಂಬಿದವಳು ಅಕ್ಕ. ಅವಳು ಆಮೇಲೆ ಈಳಿಗೆಮಣೆ ಮುಟ್ಟಿರಲಿಲ್ಲ.

ಮೇಡಂ ಸ್ಟೂಲು ಎಳೆದು ಕೂತರು. ನನ್ನ ರಫ್ ರೆಕಾರ್ಡಿನ ಕೊನೆಯ ಹಾಳೆಯಲ್ಲಿ ಹೆರಿಗೆಯ ತಾರೀಖು ಬರೆದರು. ಗರ್ಭ ನಿಂತ ದಿನದಿಂದ ಹೆರಿಗೆಗೆ 266 ದಿನ. ಹಿಂದಕ್ಕೆ ಎಣಿಸಿದರೆ ಜೂನ್ ಮೊದಲ ವಾರ. ಅದಕ್ಕೆ 25 ಕೂಡಿಸಿದರೆ ಜೂನ್ ಕೊನೆ. ಅದರ ಕೆಳಗೆ ಗೆರೆ ಎಳೆದು ಅಕ್ಟೋಬರ್ 24 ಅಂತ ಬರೆದರು. "ಮುಚ್ಚಬೇಕಾದ ಬಾಯಿ ಮುಚ್ಚಲಿಲ್ಲ. ಅದು ಗ್ರಹಣಕ್ಕೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಮೊದಲೇ ಆಗಿಹೋದದ್ದು. ಆಗ ಮುಟ್ಟು ತಪ್ಪಿ ಎರಡು ವಾರವೂ ಆಗಿರಲ್ಲ. ಬಸುರಿ ಅಂತ ನಿಮ್ಮಕ್ಕನಿಗೇ ಸರಿಯಾಗಿ ಗೊತ್ತಿರಲಿಲ್ಲ. ಈ ಹಾಳೆ ಹರಿದುಕೊಂಡು ಹೋಗಿ ಅವಳಿಗೆ ತೋರಿಸು."

ಇನ್ನೊಂದು ಮಾತನ್ನೂ ಬರೆಸಿದರು. ಇಂಥ ಮಗು ಒಮ್ಮೆ ಆದವರು ಮುಂದಿನ ಬಸುರಿಗೆ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಎಂಬ ಬಿ ಜೀವಸತ್ವ ತೆಗೆದುಕೊಂಡರೆ, ಅದು ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ಲಿನ ಅಧ್ಯಯನ 1991ರಲ್ಲೇ ತೋರಿಸಿತ್ತು. ಫೋಲಿಕ್ ಆಮ್ಲದ ಕೊರತೆಯೊಂದೇ ಕಾರಣ ಅಲ್ಲ, ವಂಶದಿಂದಲೂ ಬರಬಹುದು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯಿಂದಲೂ ಆಗಬಹುದು. "ನಿಮ್ಮಕ್ಕನದು ಯಾವುದು ಅಂತ ನಾನು ಹೇಳೋಕಾಗಲ್ಲ. ಈಳಿಗೆಮಣೆ ಅಲ್ಲ. ಅಷ್ಟು ಹೇಳಬಲ್ಲೆ."

ಆ ಭಾನುವಾರವೇ ಬೇಲೂರಿನ ಬಸ್ಸು ಹಿಡಿದೆ. ಅಕ್ಕ ಹಾಳೆಯನ್ನು ಎರಡು ಸಲ ಓದಿದಳು. "ಜೂನಾ?" ಅಂದಳು. "ಜೂನಿನಲ್ಲಿ ನನಗೆ ವಾಂತಿ ಕೂಡ ಶುರುವಾಗಿರಲಿಲ್ಲ." ಆಮೇಲೆ ತುಂಬ ಹೊತ್ತು ಅತ್ತಳು. ಅವಳ ಅತ್ತೆ ಓದಿದರೋ ಇಲ್ಲವೋ ಗೊತ್ತಿಲ್ಲ. ನಾನು ಹೊರಡುವ ಹೊತ್ತಿಗೆ ಅಡುಗೆಮನೆಯಿಂದ ಈಳಿಗೆಮಣೆ ಎಳೆದ ಸದ್ದು ಕೇಳಿಸಿತು.

ಮಿದುಳಿನ ರಕ್ಷಣೆಯ ಪಾಠ ಬಂದದ್ದು ಡಿಸೆಂಬರಿನಲ್ಲಿ, ಕೊಯ್ಲಿನ ಕಾಲ. ಮೇಡಂ ಕೈಯಲ್ಲಿ ಒಂದು ಹಿಡಿ ಕಾಫಿ ಹಣ್ಣು. ತೋಟದ ಮಕ್ಕಳಾದ ನಮಗೆ ಸಿಪ್ಪೆ, ಅಂಟು, ಬೀಜದ ಮೇಲಿನ ಪಾರ್ಚ್‌ಮೆಂಟ್ ಹೊಟ್ಟು ಎಲ್ಲ ಗೊತ್ತಿದ್ದದ್ದೇ. ಅವರು ತೋರಿಸಿದ್ದು ಬೀಜಕ್ಕೆ ಮೆತ್ತಿಕೊಂಡ ತೆಳು ಪೊರೆ, ಸಿಲ್ವರ್ ಸ್ಕಿನ್. ಬೀಜದ ನಡುಗೀರಿನೊಳಗೂ ಅದು ಇಳಿದಿರುತ್ತದೆ. ಮಿದುಳಿನ ಮೂರು ಪೊರೆಗಳಲ್ಲಿ ಒಳಗಿನದಾದ ಪಯಾ ಮೇಟರ್ ಹೀಗೇ ಪ್ರತಿ ಮಡಿಕೆಯೊಳಕ್ಕೂ ಇಳಿಯುತ್ತದೆ. ಹೊರಗಿನ ಡ್ಯೂರಾ ಮೇಟರ್ ದಪ್ಪ, ಬುರುಡೆಯ ಒಳಮೈಗೆ ಅಂಟಿಕೊಂಡಿರುತ್ತದೆ. ಮೇಟರ್ ಅಂದರೆ ಲ್ಯಾಟಿನ್ನಿನಲ್ಲಿ ತಾಯಿ. ಒಬ್ಬಳು ಗಟ್ಟಿ ತಾಯಿ, ಒಬ್ಬಳು ಮೃದು ತಾಯಿ. ಅರಬ್ಬೀ ವೈದ್ಯರ ಮಾತು ಲ್ಯಾಟಿನ್ನಿಗೆ ಹೋದಾಗ ಉಳಿದ ಹೆಸರಂತೆ. ನಡುವಿನ ಅರಕ್ನಾಯ್ಡ್ ಜೇಡರಬಲೆಯಂಥದ್ದು. "ಕಾಫಿಯ ಹೋಲಿಕೆ ಇಲ್ಲಿಗೆ ಸಾಕು" ಅಂದರು, "ಯಾಕಂದ್ರೆ ಈ ಜೇಡರಬಲೆಗೂ ಒಳಪೊರೆಗೂ ನಡುವೆ ನೀರಿದೆ."

ಆ ನೀರನ್ನು ಅವರು ವಿವರಿಸಿದ ರೀತಿ ಇವತ್ತು ನನ್ನ ತರಗತಿಯಲ್ಲಿ ನಾನೂ ಮಾಡುತ್ತೇನೆ. ಮಾಂಸದಂಗಡಿಯಿಂದ ತರಿಸಿದ ಕುರಿಯ ಮಿದುಳನ್ನು ಟ್ರೇ ಮೇಲಿಟ್ಟರು. ತನ್ನ ಭಾರಕ್ಕೆ ತಾನೇ ಕುಸಿದು ಚಪ್ಪಟೆಯಾಯಿತು. ನೀರಿನ ಬೋಗುಣಿಗೆ ಇಳಿಸಿದರೆ ಮತ್ತೆ ಉಬ್ಬಿ ಆಕಾರಕ್ಕೆ ಬಂತು. ಸುಮಾರು 1,400 ಗ್ರಾಂ ತೂಗುವ ನಮ್ಮ ಮಿದುಳು ದ್ರವದಲ್ಲಿ ತೇಲುವುದರಿಂದ 50 ಗ್ರಾಂನಷ್ಟೇ ಭಾರವಾಗಿರುತ್ತದೆ. ಆ ದ್ರವ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್, ಒಂದು ಲೋಟ. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಊರಿ, ಹಳೆಯದು ರಕ್ತಕ್ಕೆ ಸೇರುತ್ತಿರುತ್ತದೆ.

ಅಕ್ಕ ಡಾಕ್ಟರ ಸಲಹೆಯಂತೆ ಮೊದಲೇ ಮಾತ್ರೆ ಶುರು ಮಾಡಿದ್ದಳು. 1998ರಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ನಮ್ಮ ಮನೆಗೇ ಬಂದಳು. ಅಜ್ಜಿ ಕಾಲು ಚಾಚಿ, ಮಗುವನ್ನು ಅದರ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಹರಳೆಣ್ಣೆಯನ್ನು ನೆತ್ತಿಗೆ ಬಿಡುತ್ತಿದ್ದಳು. ಎಣ್ಣೆ ನಿಂತ ಜಾಗ ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ನಾಲ್ಕು ಮೂಳೆಗಳು ಇನ್ನೂ ಕೂಡದ ಜಾಗ. ಚರ್ಮದಡಿ ಮೂಳೆಯಿಲ್ಲ, ಗಟ್ಟಿ ತಾಯಿಯ ಪೊರೆ ಮಾತ್ರ. ಹುಟ್ಟುವಾಗ ತಲೆ ದಾರಿಗೆ ತಕ್ಕಂತೆ ಒತ್ತಿಕೊಳ್ಳಲಿ, ಮಿದುಳು ಬೆಳೆಯಲು ಜಾಗವಿರಲಿ ಅಂತ ಹಾಗಿರುತ್ತದೆ. "ಒತ್ತಬೇಡ ಅಜ್ಜಿ" ಅಂತ ದಿನಾ ಹೇಳುತ್ತಿದ್ದೆ. "ನಿಮ್ಮಪ್ಪನ ನೆತ್ತಿಗೂ ನಾನೇ ಎಣ್ಣೆ ಇಟ್ಟಿದ್ದು" ಅನ್ನುತ್ತಿದ್ದಳು, ಆದರೂ ಬೆರಳು ಹಗುರ ಮಾಡುತ್ತಿದ್ದಳು.

ಹಿಂದಲೆಯ ಮೆತ್ತನೆ ಜಾಗ ಎರಡು ಮೂರು ತಿಂಗಳಿಗೇ ಕೂಡಿತ್ತು. ಮುಂದಿನದು ಕೂಡಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ನನ್ನ ಡಿಗ್ರಿ ಮುಗಿದಿತ್ತು. ಬೇಲೂರಿಗೆ ಹೋದಾಗಲೆಲ್ಲ ಅವಳ ತಲೆ ಸವರುವುದು ನನಗೆ ಅಭ್ಯಾಸ. ಒಂದು ಸಂಜೆ ಬೆರಳಿಗೆ ಎಲ್ಲ ಕಡೆಯೂ ಗಟ್ಟಿ ಸಿಕ್ಕಿತು. ಬಸ್ ಸ್ಟ್ಯಾಂಡಿನಲ್ಲಿ ಕೂತು, ಕಾಲೇಜಿನ ವಿಳಾಸಕ್ಕೆ ಪೋಸ್ಟ್ ಕಾರ್ಡ್ ಬರೆದೆ: "ಮೇಡಂ, ನೆತ್ತಿ ಕೂಡಿದೆ."